ಕಾರ್ಪೊರೇಷನ್ ಶಾಲೆಗೆ ಹೋದ ವಡೆ

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲಿದೆ. ಅಡುಗೆಮನೆ ನನ್ನ ಗಂಡನದು, ಗಲ್ಲಾ ನನ್ನದು. ಇಬ್ಬರೂ ಕುಂದಾಪುರದ ಕಡೆಯವರು. ಗಂಡನಿಗೆ ಮಾತು ಕಮ್ಮಿ. ಅವರ ಪಾಲಿನದ್ದನ್ನೂ ನಾನೇ ಆಡಿಬಿಡುತ್ತೇನೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಮಾಡಲಿ. ಗಲ್ಲಾದಲ್ಲಿ ಕೂತವಳು ಬಾಯಿಗೆ ಬೀಗ ಹಾಕಿಕೊಂಡರೆ ಹೋಟೆಲು ನಡೆಯುವುದಿಲ್ಲ.

ಮಗಳನ್ನು ಮೊದಲು ಹಾಕಿದ್ದು ಟೈ, ಬೂಟುಗಳ ಖಾಸಗಿ ಶಾಲೆಗೆ. ಅಲ್ಲಿ ವಾರ ವಾರ ಪರೀಕ್ಷೆ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಯೂನಿಫಾರ್ಮ್ ಕಂಡರೆ ಅವಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಗಿರಾಕಿಗಳ ಜೊತೆ ತಮಿಳಿನಲ್ಲಿ ಪಟಪಟ ಮಾತಾಡುವ ಹುಡುಗಿ ಕ್ಲಾಸಿನಲ್ಲಿ ಕೇಳಿದ್ದಕ್ಕೆ ಉತ್ತರವನ್ನೇ ಕೊಡುತ್ತಿರಲಿಲ್ಲ. ‘ಇವಳಿಗೆ ಬೇರೆ ಥರದ ಶಾಲೆ ನೋಡಿ’ ಎಂದು ಅಲ್ಲಿನ ಮೇಡಂ ಹೇಳಿದ ದಿನ ಅವರ ಜೊತೆ ಚೆನ್ನಾಗಿ ಜಗಳ ಆಡಿ, ಮನೆಗೆ ಬಂದು ಅತ್ತುಬಿಟ್ಟೆ.

ಆಗಷ್ಟೇ ನಮ್ಮ ಹಿಂದಿನ ಬೀದಿಯ ಕಾರ್ಪೊರೇಷನ್ ಶಾಲೆಯಲ್ಲಿ ಹೊಸ ಪ್ರಯೋಗವೊಂದು ಶುರುವಾಗಿತ್ತು. ಕಟ್ಟಡ, ಊಟ, ಸಂಬಳ ಎಲ್ಲ ಕಾರ್ಪೊರೇಷನ್ನಿನದು. ಪಾಠ ಹೇಗೆ ಮಾಡಬೇಕು ಎಂಬುದನ್ನು ಮಾತ್ರ ಟೀಚರುಗಳ ಒಂದು ಗುಂಪಿಗೆ ಬಿಟ್ಟಿದ್ದರು. ಮೂರು ವರ್ಷ ನಡೆಸಿ ನೋಡುವುದು, ಸರಿ ಕಂಡರೆ ಮುಂದುವರಿಸುವುದು, ಇಲ್ಲದಿದ್ದರೆ ನಿಲ್ಲಿಸಿ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳಿಸುವುದು ಎಂದು ಒಪ್ಪಂದ. ‘ಕಾರ್ಪೊರೇಷನ್ ಶಾಲೆಗಾ?’ ಎಂದು ನಮ್ಮ ನೆಂಟರೆಲ್ಲ ಮೂಗು ಮುರಿದರು. ಮೂಗು ಅವರದು, ಮಗಳು ನಮ್ಮವಳು ಎಂದುಕೊಂಡು ಸೇರಿಸಿದೆವು.

ಆ ಶಾಲೆಯ ಪಾಠ ವಿಚಿತ್ರವಾಗಿತ್ತು. ಪೋರೂರು ಕೆರೆಗೆ ಹೋಗಿ ಬಾಟಲಿಯಲ್ಲಿ ನೀರು ತಂದು ನೋಡುತ್ತಾರೆ. ಎಣ್ಣೂರಿನಿಂದ ಬಂದ ಮೀನುಗಾರ ಹೆಂಗಸೊಬ್ಬಳು ಅಲೆ, ಗಾಳಿಗಳ ವಿಷಯ ಹೇಳಿಕೊಡುತ್ತಾಳೆ. ಪ್ರತಿ ಶುಕ್ರವಾರ ಅಂಗಳದಲ್ಲಿ ಸಭೆ. ಅಲ್ಲಿ ಯಾರು ಯಾರನ್ನು ಬೇಕಾದರೂ ಪ್ರಶ್ನೆ ಕೇಳಬಹುದು. ತೀರ್ಮಾನವೆಲ್ಲ ಕೈ ಎತ್ತಿ. ಹೆಡ್‌ಮಿಸ್ ಕೂಡ ಎಷ್ಟೋ ಸಲ ಸೋತಿದ್ದಾರಂತೆ. ಮಗಳ ಹೊಟ್ಟೆನೋವು ಯಾವಾಗ ಹೋಯಿತೆಂದು ನಮಗೆ ಗೊತ್ತೇ ಆಗಲಿಲ್ಲ. ಭಾನುವಾರ ಯಾಕೆ ಶಾಲೆಯಿಲ್ಲ ಎಂದು ಅವಳು ಮುಖ ಊದಿಸಿಕೊಂಡಾಗ ನನಗೆ ಹೊಟ್ಟೆಗೆ ಹಾಲೆರೆದಂತಾಯಿತು.

ಮೂರು ವರ್ಷ ಮುಗಿಯುತ್ತಾ ಬಂತು. ಪರಿಶೀಲನೆಗೆ ಕಾರ್ಪೊರೇಷನ್ನಿನವರು ಎರಡು ದಿನ ಬರುತ್ತಾರೆ, ಮೊದಲ ದಿನ ಪಾಠ ನೋಡಿ ವರದಿ ಬರೆಯುತ್ತಾರೆ, ಮರುದಿನ ಕಟ್ಟಡ, ಲೆಕ್ಕ ನೋಡುತ್ತಾರೆ, ತಂದೆತಾಯಿಯರೂ ಬನ್ನಿ ಎಂದು ಹೆಡ್‌ಮಿಸ್ ಹೇಳಿಕಳಿಸಿದರು. ಶಾಲೆ ನಿಂತರೆ ಮಗಳ ಗತಿಯೇನು ಎಂದು ನನಗೆ ಊಟ ಸೇರಲಿಲ್ಲ. ಗಂಡ ಉದ್ದು ನೆನೆಹಾಕಿದರು.

ಯಾರೇ ಬಂದರೂ ಬರಿಹೊಟ್ಟೆಯಲ್ಲಿ ಕಳಿಸಬಾರದು ಎಂಬುದು ಹೋಟೆಲಿನವರ ರಕ್ತದಲ್ಲೇ ಇದೆ. ಬೆಳಿಗ್ಗೆ ವಡೆ, ಇಡ್ಲಿ, ಕೇಸರಿಬಾತ್ ಪಾತ್ರೆಗಳನ್ನು ಆಟೋದಲ್ಲಿಟ್ಟುಕೊಂಡು ಹೋದೆವು. ಅಂಗಳದಲ್ಲಿ ಮಕ್ಕಳು ಸುತ್ತ ಕೂತಿದ್ದರು. ಮಧ್ಯೆ ಕುರ್ಚಿಯಲ್ಲಿದ್ದ ಹಿರಿಯ ಅಧಿಕಾರಿಯ ಮುಂದೆ ಗಂಡ ಎಲೆ ಹಾಸಿದರು. ಅಧಿಕಾರಿ ಮುಖ ಗಂಟಿಕ್ಕಿದರು.

“ಯಾರು ತರಿಸಿದ್ದು ಇದನ್ನು? ಎತ್ತಿಸಿ. ಇಲ್ಲದಿದ್ದರೆ ಇದನ್ನೂ ನಾನು ವರದಿಯಲ್ಲಿ ಬರೆಯಬೇಕಾಗುತ್ತದೆ” ಎಂದರು ತಮಿಳಿನಲ್ಲಿ. ಹೆಡ್‌ಮಿಸ್ ಬಿಳಿಚಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಲಂಚ ಕೊಡುವ ಮುಖವಾ ನಮ್ಮದು? “ಸಾರ್, ನಮ್ಮ ಹೋಟೆಲಿನ ಕರೆಂಟು ಕಟ್ ಮಾಡಲು ಬಂದವನೂ ತಿಂಡಿ ತಿಂದೇ ಹೋಗಿದ್ದಾನೆ” ಎಂದೆ.

“ತಿಂದ ಮೇಲೆ ಕಟ್ ಮಾಡಿದನಾ?”

ಅವನು ಕಟ್ ಮಾಡಿರಲಿಲ್ಲ, ನಾಳೆ ಬರುತ್ತೇನೆಂದು ಹೋಗಿದ್ದ. ಗಂಡ ನನ್ನ ಸೆರಗು ಜಗ್ಗಿ ಮೆಲ್ಲಗೆ, “ಸಾಕು ಮಾರಾಯ್ತಿ, ಇನ್ನೆಂತದೂ ಹೇಳ್ಬೇಡ” ಎಂದರು.

ಅಷ್ಟರಲ್ಲಿ ನಮ್ಮ ಮಗಳು ಎದ್ದು ನಿಂತಳು. “ತಿಂಡಿ ಸಭೆಗೆ ಬಂದಿದೆ, ಸಭೆಯೇ ತೀರ್ಮಾನ ಮಾಡಲಿ” ಎಂದಳು ತಮಿಳಿನಲ್ಲಿ. ಅಪ್ಪನ ಪರವಾಗಿ ನಿಂತಳು ಎಂದು ನನ್ನ ಎದೆ ಉಬ್ಬಿತು. ಅವಳು ಮುಂದುವರಿಸಿದಳು: “ವಾಪಸ್ ಕಳಿಸಬೇಕು ಅಂತ ನನಗನಿಸುತ್ತದೆ. ಇವರು ನಮ್ಮ ಶಾಲೆ ಹೇಗಿದೆ ಅಂತ ನೋಡಲು ಬಂದಿದ್ದಾರೆ. ವಡೆ ಚೆನ್ನಾಗಿದ್ದರೆ ಶಾಲೆ ಚೆನ್ನಾಗಿದೆ ಅಂತ ಆಗುವುದಿಲ್ಲ.”

ಆಮೇಲೆ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ನಾಳೆ ತನ್ನಿ. ಇವರು ತೀರ್ಮಾನ ಮಾಡಿದ ಮೇಲೆ. ನಿಲ್ಲಿಸಿ ಅಂತ ಬರೆದರೂ ತನ್ನಿ.”

ಮಕ್ಕಳ ಕೈಗಳೆಲ್ಲ ಮೇಲೆದ್ದವು. ಹೆಡ್‌ಮಿಸ್ ಕೈಯೂ ಎದ್ದಿತು. ಗಂಡ ಎಲೆ ಮಡಚಿ, ಪಾತ್ರೆಗಳನ್ನು ಎತ್ತಿಕೊಂಡು ಹೊರಟರು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಆಟೋದಲ್ಲಿ ನಾನು ಉರಿದುಬಿದ್ದೆ. ಹೆತ್ತ ಮಗಳೇ ಅಪ್ಪನ ವಡೆ ಬೇಡ ಎಂದು ಕೈ ಎತ್ತಿದಳಲ್ಲ! ಗಂಡನನ್ನು ನೋಡಿದರೆ ಒಳಗೊಳಗೇ ನಗುತ್ತಿದ್ದರು. “ಹೇಗೆ ಹೇಳಿದ್ಲು ನೋಡಿದ್ಯಾ?” ಎಂದರು. ಆಗ ನನಗೂ ಸಿಟ್ಟು ಇಳಿದು ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ವಡೆ ಕರಿಯುತ್ತಿದ್ದಾರೆ.

“ನಿಲ್ಸ್ತಾರೋ ಏನೋ, ಆ ಶಾಲೆಗೆ ವಡೆ ಎಂತಕ್ಕೆ ಮಾರಾಯ್ರೆ?” ಎಂದೆ.

“ಮಗಳು ಹೇಳಿದ್ದಾಳಲ್ಲ.”

ಶಾಲೆಯ ಬಾಗಿಲಲ್ಲೇ ಅಧಿಕಾರಿ ಸಿಕ್ಕರು. ಪಾತ್ರೆಗಳನ್ನು ನೋಡಿ ನನ್ನ ಮಗಳನ್ನು ಕರೆದು, “ನಿನ್ನೆ ಸಂಜೆಯೇ ಬರೆದು ಕಳಿಸಿದೆನಮ್ಮ. ಏನು ಬರೆದೆ ಅಂತ ನಾನು ಹೇಳುವಂತಿಲ್ಲ. ಇವತ್ತು ತಿನ್ನಬಹುದಾ?” ಎಂದು ಕೇಳಿದರು. ತಿನ್ನಬಹುದು ಎಂದು ಅವಳು ಎಲೆ ತಂದಳು.

ಮಕ್ಕಳ ಜೊತೆ ನೆಲದ ಮೇಲೆ ಕೂತು ಆ ಮನುಷ್ಯ ತಿಂದರು. ಅವರ ಒಂದು ಸಾಲಿನಲ್ಲಿ ನಮ್ಮ ಮಗಳ ಮುಂದಿನ ದಿನಗಳಿದ್ದವು, ಆ ಸಾಲು ಏನೆಂದು ನಮಗೆ ಗೊತ್ತಿಲ್ಲ. ನನಗಂತೂ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಗಂಡ ಮಾತ್ರ ಹತ್ತಿರ ಹೋಗಿ, ಕೇಳದೆಯೇ ಎರಡನೇ ವಡೆ ಬಡಿಸಿ, ಮೇಲೆ ಚಟ್ನಿ ಹಾಕಿದರು. ಈ ಮನುಷ್ಯನನ್ನು ಕಟ್ಟಿಕೊಂಡದ್ದು ಒಳ್ಳೆಯದೇ ಆಯಿತು ಎಂದು ಆ ಹೊತ್ತು ಅನ್ನಿಸಿತು. ಅವರಿಗೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಕಾರ್ಪೊರೇಷನ್ನಿನ ಉತ್ತರ ಬರಲು ಎಷ್ಟೋ ವಾರ ಹಿಡಿಯಿತು. ಬಂದ ಶುಕ್ರವಾರ ಹೋಟೆಲಿಗೆ ಬಾಗಿಲು ಹಾಕಿ ಸಭೆಗೆ ಓಡಿದೆವು. ಶಾಲೆ ಹೀಗೇ ಮುಂದುವರಿಯಲಿ ಎಂದು ಬಂದಿದೆ ಎಂದರು ಹೆಡ್‌ಮಿಸ್. ಮಕ್ಕಳು ಕೂಗಲು ಹೊರಟರೆ ಅವರನ್ನು ತಡೆದು, “ಕಾರ್ಪೊರೇಷನ್ ಒಪ್ಪಿದೆ. ನಾವೂ ಒಪ್ಪಬೇಕಲ್ಲ? ದೊಡ್ಡವರೂ ಸೇರಿ ಕೈ ಎತ್ತಿ” ಎಂದರು.

ನಾನು ಕೈ ಎತ್ತಿ ಪಕ್ಕಕ್ಕೆ ತಿರುಗಿದೆ. ಗಂಡ ಎರಡೂ ಕೈ ಎತ್ತಿ ನಿಂತಿದ್ದರು.

“ಅಪ್ಪಾ, ಒಬ್ಬರಿಗೆ ಒಂದೇ ಕೈ” ಎಂದು ಮಗಳು ಅಲ್ಲಿಂದಲೇ ಗದರಿದಳು. ಅವರು ಇಳಿಸಲಿಲ್ಲ.