ಅಂಚಿಗೆ ಸರಿ ಎಂದು ಕೂಗಿದವನು ನಾನು

ನನ್ನ ಮಗಳು ರೇಸ್ ಸೈಕಲ್ ಹತ್ತುವ ತನಕ ನನಗೆ ರಸ್ತೆಯೆಂದರೆ ಹೆದರಿಕೆ ಇರಲಿಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು. ರಾಮದುರ್ಗದಿಂದ ಸವದತ್ತಿ, ಸವದತ್ತಿಯಿಂದ ಬೈಲಹೊಂಗಲ, ಅಲ್ಲಿಂದ ಕಿತ್ತೂರು, ಮತ್ತೆ ತಿರುಗಿ ಅದೇ ದಾರಿ. ಎಲ್ಲಿ ಡಾಂಬರು ಕಿತ್ತಿದೆ, ಯಾವ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಎಲ್ಲಿ ಮುಂಜಾನೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ ಎಂಬುದೆಲ್ಲ ನನ್ನ ಕೈಕಾಲಿಗೇ ಗೊತ್ತಿತ್ತು. ನಿವೃತ್ತನಾದ ದಿನ ಒಂದು ಸಮಾಧಾನವಿತ್ತು, ಇನ್ನು ರಸ್ತೆಯ ಚಿಂತೆ ನನ್ನದಲ್ಲ ಎಂದು.

ಅದು ನಾಲ್ಕು ತಿಂಗಳು ಉಳಿಯಿತು.

ಮಗಳು ಆಗ ಪಿಯುಸಿ ಮೊದಲನೇ ವರ್ಷ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಕಾಲೇಜಿನ ಆಟೋಟದ ದಿನ ಯಾರದೋ ಸಾದಾ ಸೈಕಲ್ ಇಸಿದುಕೊಂಡು ಓಡಿಸಿ ಎಲ್ಲರನ್ನೂ ಹಿಂದೆ ಹಾಕಿದ್ದಳು. ಅದನ್ನು ನೋಡಿದ ದೈಹಿಕ ಶಿಕ್ಷಕರು ಕಾಲೇಜಿನ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ರೇಸ್ ಸೈಕಲ್ಲನ್ನು ರಿಪೇರಿ ಮಾಡಿಸಿ, ಒಂದು ಹೆಲ್ಮೆಟ್ಟಿನ ಜೊತೆ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಸವದತ್ತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿದಾಗ ನಾನು ಮೊದಲು ನೋಡಿದ್ದು ಅದರ ಟಾಯರು. ಹೆಬ್ಬೆರಳಿನಷ್ಟು ದಪ್ಪವಿರಲಿಲ್ಲ. ನಮ್ಮ ರಸ್ತೆಯ ಎಷ್ಟೋ ಬಿರುಕುಗಳು ಅದಕ್ಕಿಂತ ಅಗಲ.

"ಇದರ ಮ್ಯಾಲ ಎಲ್ಲಿ ಹೊಡೀತಿ?" ಎಂದು ಕೇಳಿದೆ.

"ನವಿಲುತೀರ್ಥದ ಮಟಾ ಹೋಗೂದು, ಅಲ್ಲಿಂದ ಮುನವಳ್ಳಿ, ತಿರುಗಿ ಬರೂದು. ಸರ್ ಹೇಳ್ಯಾರ."

"ಅದು ಬಸ್ಸಿನ ರಸ್ತೆ ಐತಿ."

"ಇಲ್ಲೇನ ಸೈಕಲ್‌ಗೆ ಬ್ಯಾರೆ ರಸ್ತಾ ಮಾಡಿಟ್ಟಾರೇನಪ್ಪಾ?" ಎಂದು ನಕ್ಕಳು.

ಅವಳಿಗೆ ಹುಚ್ಚೇ ಹಿಡಿದಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸೀಮೆಎಣ್ಣೆ ಹಚ್ಚಿ ಚೈನಿನ ಒಂದೊಂದು ಕೊಂಡಿ ತಿಕ್ಕುವಳು. ನವಿಲುತೀರ್ಥದ ಅಣೆಕಟ್ಟಿನ ಹತ್ತಿರದ ಏರನ್ನು ಎಷ್ಟು ನಿಮಿಷದಲ್ಲಿ ಹತ್ತಿದೆ ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುವಳು. ಒಂದು ದಿನ ಹದಿನೈದು ಸೆಕೆಂಡು ಕಮ್ಮಿಯಾಯಿತೆಂದು ಅವರವ್ವನನ್ನು ಅಡಿಗೆಮನೆಯಿಂದ ಎಳೆದುಕೊಂಡು ಬಂದು ಕುಣಿದಳು. ನನ್ನ ಹೆಂಡತಿಗೆ ಹದಿನೈದು ಸೆಕೆಂಡಿನಲ್ಲಿ ಅಂಥದ್ದೇನಿದೆ ತಿಳಿಯಲಿಲ್ಲ. ಆದರೂ ಅವಳೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಬೇಗ ಹೋದಷ್ಟೂ ಬಿದ್ದರೆ ಪೆಟ್ಟು ಜಾಸ್ತಿ ಎಂಬ ಒಂದೇ ಲೆಕ್ಕ ನನ್ನ ತಲೆಯಲ್ಲಿ.

ಬೇರೆ ತಂದೆಯರಿಗೂ ಹೆದರಿಕೆ ಇರುತ್ತದೆ. ಆದರೆ ನನ್ನದು ಗೊತ್ತಿದ್ದವನ ಹೆದರಿಕೆ. ಡ್ರೈವರನ ಸೀಟಿನಲ್ಲಿ ಕೂತಾಗ ಎಡಗಡೆಯ ಕನ್ನಡಿಯಲ್ಲಿ ಏನೇನು ಕಾಣುವುದಿಲ್ಲ ಎಂಬುದು ನನಗೆ ಗೊತ್ತು. ಬಸ್ಸು ತಡವಾದಾಗ ಎದುರಿಗಿರುವ ಸೈಕಲ್ಲು ಮನುಷ್ಯನಾಗಿ ಕಾಣುವುದಿಲ್ಲ, ದಾರಿಗೆ ಬಿದ್ದ ಕಲ್ಲಿನಂತೆ ಕಾಣುತ್ತದೆ ಎಂಬುದೂ ಗೊತ್ತು. ಒಮ್ಮೆ ಬೈಲಹೊಂಗಲದ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬನಿಗೆ ಬೆನ್ನ ಹಿಂದೆಯೇ ಹಾರ್ನ್ ಹೊಡೆದಿದ್ದೆ. ಅವನು ಗಾಬರಿಯಾಗಿ ರಸ್ತೆ ಬಿಟ್ಟು ಇಳಿದ. ಕನ್ನಡಿಯಲ್ಲಿ ಬರೀ ಧೂಳು ಕಂಡಿತು. ಕಂಡಕ್ಟರ್ ಹಿಂದೆ ಬಾಗಿ ನೋಡಿ, "ಎದ್ದ ನಿಂತಾನ, ನಡೀರಿ" ಎಂದ. ನಾನು ಬಸ್ಸು ಮುಂದೆ ಓಡಿಸಿದೆ. ಆಗ ಅದು ನನಗೆ ಅಂಥ ದೊಡ್ಡ ಸಂಗತಿಯಾಗಿರಲಿಲ್ಲ.

ಹಾಗಾಗಿ ಎರಡನೇ ದಿನದಿಂದಲೇ ನಾನು ಮೋಟರ್ ಸೈಕಲ್ ತೆಗೆದುಕೊಂಡು ಅವಳ ಬೆನ್ನು ಹತ್ತಿದೆ. ಬೆಳಕು ಹರಿಯುವ ಹೊತ್ತಿಗೆ ಅವಳು ಮುಂದೆ, ನಾನು ಹಿಂದೆ. ಲಾರಿ ಬಂದರೆ ನಾನು ಹಾರ್ನ್ ಹೊಡೆಯುತ್ತಿದ್ದೆ. ನಾಯಿ ಬಂದರೆ ಹೊಡೆಯುತ್ತಿದ್ದೆ. ಕಬ್ಬಿನ ಸುಗ್ಗಿ ಶುರುವಾದ ಮೇಲಂತೂ ನನ್ನ ಕೈ ಹಾರ್ನಿನ ಮೇಲಿಂದ ಏಳುತ್ತಲೇ ಇರಲಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ತುದಿಗಳು. ಆ ತುದಿ ಅವಳ ಕೊರಳಿನ ಎತ್ತರಕ್ಕೆ ಸರಿಯಾಗಿ ಬರುತ್ತಿತ್ತು. ಒಮ್ಮೆ ಕಣ್ಣಿನಲ್ಲೇ ಅಳೆದು ನೋಡಿದ ಮೇಲೆ ಆ ಅಳತೆ ತಲೆಯಿಂದ ಹೋಗಲಿಲ್ಲ.

"ಅಪ್ಪಾ, ನೀ ಹಿಂದಿಂದ ಹಾರ್ನ್ ಹೊಡದ್ರ ನನಗ ಲಾರಿಕಿಂತ ನಿಂದಽ ಅಂಜಿಕಿ ಬರತೈತಿ" ಎಂದಳು ಮಗಳು.

ನಮ್ಮಿಬ್ಬರ ನಡುವೆ ಇನ್ನೊಂದು ಜಗಳವೂ ಇತ್ತು. ಶಿಕ್ಷಕರು ಅವಳಿಗೆ, ರಸ್ತೆಯ ತೀರಾ ಅಂಚಿಗೆ ಹೋಗಬೇಡ, ಅಂಚಿನಿಂದ ಒಂದು ಮಾರಿನಷ್ಟು ಒಳಗೇ ನೇರ ಹೋಗು ಎಂದು ಕಲಿಸಿದ್ದರು. ನನಗೆ ಇದು ಹುಚ್ಚುತನವಾಗಿ ಕಂಡಿತು. ಕಾಲೇಜಿಗೇ ಹೋಗಿ ಕೇಳಿದೆ.

"ಸರ್, ಹುಡುಗಿನ್ನ ರಸ್ತೆದಾಗ ನಡುವ ಬಿಡ್ತೀರಲ್ಲ?"

"ನಡುವ ಅಲ್ಲರಿ ಅಣ್ಣಾರ" ಎಂದರು ಅವರು ಸಮಾಧಾನದಿಂದ. "ತೀರಾ ಅಂಚಿಗೆ ಹೋದ್ರ ಹಿಂದಿನವ ಜಾಗಾ ಐತಿ ಅಂತ ತುರುಕತಾನ. ಸ್ವಲ್ಪ ಒಳಗಿದ್ರ ಅವ ತಡೀತಾನ, ದಾರಿ ಖಾಲಿ ಇದ್ದಾಗ ಸರಿಯಾಗಿ ದಾಟತಾನ. ಮತ್ತ ನಮ್ಮ ಡಾಂಬರಿನ ಅಂಚು ನೋಡೀರೇನು? ಗೇಣುದ್ದ ಕೆಳಗ ಐತಿ ಮಣ್ಣು."

"ನಾ ಇಪ್ಪತ್ತಾರು ವರ್ಷ ಗಾಡಿ ಹೊಡದೇನಿ" ಎಂದು ಎದ್ದು ಬಂದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆದರೆ ನನ್ನ ಹೆದರಿಕೆ ಅದನ್ನು ಒಪ್ಪಲಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ನಾವು ಮುನವಳ್ಳಿಯಿಂದ ತಿರುಗಿ ಸವದತ್ತಿಯ ಕಡೆಗೆ ಬರುತ್ತಿದ್ದೆವು. ಬಿಸಿಲು ಏರಿತ್ತು. ಎದುರಿಗೆ ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿತು. ಅದೇ ಹೊತ್ತಿಗೆ ಬೆನ್ನ ಹಿಂದೆ ಬಸ್ಸಿನ ಸದ್ದು ಕೇಳಿಸಿತು. ತಿರುಗಿ ನೋಡದೆಯೇ ಗೊತ್ತಾಯಿತು, ಬಸ್ಸು ಗೇರು ಇಳಿಸಿ ನಿಧಾನ ಮಾಡಿದೆ ಎಂದು. ಆದರೂ ತಲೆಯಲ್ಲಿ ಲೆಕ್ಕ ಓಡಿತು. ಟ್ರ್ಯಾಕ್ಟರು, ಬಸ್ಸು, ನನ್ನ ಮಗಳು, ಮೂರೂ ಒಂದೇ ಕಡೆ ಸೇರುತ್ತವೆ, ಅಲ್ಲಿ ಮೂರಕ್ಕೆ ಜಾಗವಿಲ್ಲ. ಅವಳು ಅಂಚಿನಿಂದ ಒಂದು ಮಾರು ಒಳಗೆ, ಕಲಿಸಿದ ಹಾಗೆ ನೇರವಾಗಿ ಹೋಗುತ್ತಿದ್ದಳು.

"ಅಂಚಿಗೆ ಸರಿ!" ಎಂದು ಕೂಗಿದೆ. ಅವಳು ಸರಿಯಲಿಲ್ಲ. "ಅಂಚಿಗೆ ಸರಿಯವ್ವಾ! ಅಂಚಿಗೆ!"

ನನ್ನ ದನಿಯಲ್ಲಿ ಏನಿತ್ತೋ, ಅವಳು ಸರಿದಳು. ನಾನೂ ಮಣ್ಣಿಗೆ ಇಳಿದೆ. ದಾರಿ ಬಿಟ್ಟರೆಂದು ತಿಳಿದು ಬಸ್ಸು ಮುಂದೆ ಬಂತು. ಅದರ ತಗಡು ನನ್ನ ಮೊಣಕೈಯ ಪಕ್ಕದಲ್ಲೇ ಹಾಯುತ್ತಿರುವಾಗ ಅವಳ ಮುಂದಿನ ಗಾಲಿ ಡಾಂಬರಿನಿಂದ ಕೆಳಗೆ ಜಾರಿದ್ದು ಕಂಡಿತು. ಮೇಲೆ ಹತ್ತಿಸಲು ಅವಳು ಹ್ಯಾಂಡಲ್ ತಿರುಗಿಸಿದಳು. ಆ ತೆಳು ಟಾಯರು ಅಂಚಿಗೆ ಸಿಕ್ಕಿಕೊಂಡಿತು. ಸೈಕಲ್ಲು ಅವಳನ್ನು ಹೊಲದ ಕಡೆ ಬೀಳಿಸಲಿಲ್ಲ, ರಸ್ತೆಯ ಕಡೆ ಎಸೆಯಿತು. ಬಸ್ಸಿನ ಹೊಟ್ಟೆಯ ಕೆಳಗೆ, ಹಿಂದಿನ ಗಾಲಿಯ ಮುಂದೆ.

ಬ್ರೇಕಿನ ಕಿರುಚಾಟ, ರಬ್ಬರಿನ ವಾಸನೆ. ಮೋಟರ್ ಸೈಕಲ್ಲನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ. ಓಡಿ ಹೋಗಿ ನೋಡಿದರೆ ಅವಳ ಹೆಲ್ಮೆಟ್ಟಿಗೂ ಹಿಂದಿನ ಗಾಲಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವಳ ಕಣ್ಣು ತೆರೆದಿದ್ದವು. ಬಸ್ಸಿನ ಕೆಳಗೆ ಬಗ್ಗಿ ಕೈ ಚಾಚಿದೆ.

"ಅಪ್ಪಾ, ಭುಜಾ" ಎಂದಳು.

ಬಸ್ಸಿನ ಡ್ರೈವರ್ ಜಿಗಿದು ಬಂದ. ನನ್ನ ಜೊತೆ ಒಂದೇ ಡಿಪೋದಲ್ಲಿದ್ದ ಹುಡುಗ, ಮೂವತ್ತು ದಾಟಿಲ್ಲ. ನನ್ನನ್ನು ನೋಡಿದ್ದೇ ಅವನ ಮುಖದ ಬಣ್ಣ ಹಾರಿತು.

"ಕಾಕಾರ... ನಾ ತಡದಿದ್ನಿರಿ. ಟ್ರ್ಯಾಕ್ಟರ್ ಹೋಗಲಿ ಅಂತ ತಡದಿದ್ನಿ. ನೀವು ಸರದ್ರಿ, ದಾರಿ ಕೊಟ್ರಿ ಅಂತ ತಿಳಕೊಂಡ್ನಿ" ಎಂದ.

ಬಸ್ಸಿನಿಂದ ಇಳಿದ ಜನ ಅವನನ್ನು ಬೈಯತೊಡಗಿದ್ದರು. "ಕಣ್ಣ ಕಾಣಂಗಿಲ್ಲೇನ ನಿನಗ?" ಎಂದು ಒಬ್ಬರು ಅವನ ಅಂಗಿಗೇ ಕೈ ಹಾಕಿದರು. ನಾನು ಅವರನ್ನು ತಡೆಯಲಿಲ್ಲ. ಅದೇ ಬಸ್ಸಿನಲ್ಲಿ ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಸವದತ್ತಿಯ ದವಾಖಾನೆಗೆ ಬಂದೆವು.

ಕೊರಳಿನ ಕೆಳಗಿನ ಎಲುಬು ಮುರಿದಿತ್ತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಇಡಬೇಕೆಂದರು ಡಾಕ್ಟರು. ತಲೆಗೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಮೂರು ದಿನ ಬರೀ ಡ್ರೈವರನ ಮಾತು. ನೋಡಲು ಬಂದವರೆಲ್ಲ ಕಂಪ್ಲೇಂಟ್ ಕೊಡಿ ಎಂದರು. ಹೆಂಡತಿಯೂ ಅದನ್ನೇ ಹೇಳಿದಳು. ಮಗಳು ಹಾಸಿಗೆಯ ಮೇಲೆ ದಿಂಬಿಗೆ ಒರಗಿ ನನ್ನ ಮುಖ ನೋಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳು ಹೇಳಿಬಿಡುತ್ತಾಳೆಂದು ಹೆದರಿದೆ. ಹೇಳದೇ ಇದ್ದಾಗ ಇನ್ನೂ ಹೆಚ್ಚು ಹೆದರಿದೆ. ಕಣ್ಣು ಮುಚ್ಚಿದರೆ ಆ ಒಂದು ಮೊಳ ಜಾಗ ಕಾಣುತ್ತಿತ್ತು. ಅದು ಗೇಣಾಗುತ್ತಿತ್ತು, ಆಮೇಲೆ ಬೆರಳಾಗುತ್ತಿತ್ತು.

ನಾಲ್ಕನೇ ದಿನ ಸಂಜೆ ಆ ಡ್ರೈವರ್ ಮನೆಗೆ ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಬಾಗಿಲಲ್ಲೇ ನಿಂತ. ಶಿಕ್ಷಕರೂ ಆಗಷ್ಟೇ ಬಂದು ಕೂತಿದ್ದರು. ನನ್ನ ಹೆಂಡತಿ ಅವನನ್ನು ಒಳಗೆ ಕರೆಯಲಿಲ್ಲ.

"ಯಾವ ಮಾರಿ ಹೊತ್ಕೊಂಡ ಬಂದೀಪಾ?" ಎಂದಳು.

"ತಪ್ಪಾತರಿ ಅವ್ವಾರ" ಎಂದು ಅವನು ತಲೆ ತಗ್ಗಿಸಿದ.

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ತಪ್ಪು ಅವಂದಲ್ಲ" ಎಂದೆ. "ಅವ ಬ್ರೇಕ್ ಹಾಕಿ ನಿಧಾನ ಬರಾಕ ಹತ್ತಿದ್ದ. ಇಕಿ ಸರಿಯಾಗಿ ಹೊಂಟಿದ್ಲು. ಅಂಚಿಗೆ ಸರಿ ಅಂತ ಒದರಿದಾವ ನಾನು. ನನ್ನ ಮಾತು ಕೇಳಿ ಸರದ್ಲು, ಬಿದ್ಲು."

ಹೆಂಡತಿ ನನ್ನನ್ನೇ ನೋಡಿದಳು. "ನಾಕ ದಿನದಿಂದ ಇದನ್ನ ಹೊಟ್ಟ್ಯಾಗ ಇಟ್ಕೊಂಡ ಕುಂತೀರೇನ್ರಿ?" ಎಂದಳು. ನಂತರ ಒಳಗೆ ಹೋಗಿ ಡ್ರೈವರನಿಗೆ ಚಹಾ ತಂದುಕೊಟ್ಟಳು. ನನಗೆ ಕೊಡಲಿಲ್ಲ. ಮಗಳು ಮೊದಲ ಸಲ ಅತ್ತದ್ದು ಆಗ. ಬಿದ್ದಾಗ ಅತ್ತಿರಲಿಲ್ಲ.

ಶಿಕ್ಷಕರು ನನ್ನನ್ನು ಬೈಯಲಿಲ್ಲ. ಹೋಗುವಾಗ ಹೊರಗೆ ನಿಂತು ಒಂದೇ ಮಾತು ಹೇಳಿದರು.

"ಒಂದ ದಿನ ನೀವಽ ಸೈಕಲ್ ಹತ್ತಿ ಬರ್ರಿ ಅಣ್ಣಾರ. ಆಮ್ಯಾಲ ಮಾತಾಡೂಣು."

ಹೋದೆ. ಒಂದು ಸಾದಾ ಸೈಕಲ್, ಅದೇ ರಸ್ತೆ. ಶಿಕ್ಷಕರು ಮುಂದೆ, ನಾನು ಅವರ ಹಿಂದೆ. ಇಪ್ಪತ್ತಾರು ವರ್ಷ ಆ ದಾರಿಯನ್ನು ಎತ್ತರದಲ್ಲಿ ಕೂತು, ಗಾಜಿನ ಹಿಂದಿನಿಂದ ನೋಡಿದ್ದೆ. ಕೆಳಗಿಳಿದ ಮೇಲೆ ಅದು ನನಗೆ ಗುರುತೇ ಸಿಗಲಿಲ್ಲ. ಹಿಂದಿನಿಂದ ಬರುವ ಗಾಡಿ ಮೊದಲು ಸದ್ದಾಗಿ ಬರುತ್ತದೆ. ಎಷ್ಟು ದೂರವಿದೆ, ನನ್ನನ್ನು ನೋಡಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸದ್ದು ದೊಡ್ಡದಾಗುತ್ತ ಬಂದಂತೆ ಕುತ್ತಿಗೆಯ ಹಿಂದೆ ಕೂದಲು ನಿಮಿರುತ್ತವೆ, ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಒಂದು ಲಾರಿ ಹತ್ತಿರ ಬಂದು ಹಾರ್ನ್ ಹೊಡೆಯಿತು. ನನ್ನ ಇಡೀ ಮೈ ಹಾರಿಬಿದ್ದಿತು, ಸೈಕಲ್ಲು ಓಲಾಡಿತು. ಅದು ದಾಟಿದ ಮೇಲೆ ಅದರ ಗಾಳಿ ನನ್ನನ್ನು ಮೊದಲು ಒಳಗೆ ಎಳೆದು ಆಮೇಲೆ ಹೊರಗೆ ದೂಡಿತು. ಇಳಿದು ನಿಂತೆ. ಹಾಲಿನ ಕ್ಯಾನಿನವನ ಮುಖವನ್ನು ನಾನು ನೋಡಿರಲಿಲ್ಲ. ಆ ದಿನ ನೋಡಿದಂತಾಯಿತು.

ಅಂಚಿನಿಂದ ಒಳಗೆ ಹೋಗಲು ಎಷ್ಟು ಧೈರ್ಯ ಬೇಕು ಎಂಬುದೂ ಗೊತ್ತಾಯಿತು. ಶಿಕ್ಷಕರು ಒಂದೇ ಗೆರೆಯಲ್ಲಿ ಹೋಗುತ್ತಿದ್ದರು, ಆಗಾಗ ಹಿಂದೆ ತಿರುಗಿ ನೋಡುತ್ತಿದ್ದರು, ಬದಿಗೆ ಸರಿಯುವ ಮುಂಚೆ ಕೈ ಮಾಡುತ್ತಿದ್ದರು. ಗಾಡಿಗಳು ಅವರ ಹಿಂದೆ ನಿಧಾನಿಸಿ, ಎದುರು ಖಾಲಿಯಾದ ಮೇಲೆ ಅಗಲವಾಗಿ ಸುತ್ತಿ ಹೋಗುತ್ತಿದ್ದವು. ಎಲ್ಲವೂ ಅಲ್ಲ. ಆದರೆ ಬಹಳಷ್ಟು.

ಆಮೇಲೆ ಬಸ್ ಸ್ಟ್ಯಾಂಡಿಗೆ ಹೋದಾಗಲೆಲ್ಲ ಹಳೆಯ ಡ್ರೈವರುಗಳಿಗೆ ಇದನ್ನು ಹೇಳತೊಡಗಿದೆ. ಸೈಕಲ್ ಕಂಡರೆ ಹತ್ತಿರ ಹೋಗಿ ಹಾರ್ನ್ ಹೊಡೆಯಬೇಡಿ, ದೂರದಿಂದಲೇ ಒಮ್ಮೆ ಸಣ್ಣಗೆ ಹೊಡೆಯಿರಿ, ದಾಟುವಾಗ ಒಂದು ಮಾರು ಬಿಡಿ, ಎದುರಿಗೆ ಗಾಡಿ ಇದ್ದರೆ ಕಾಯಿರಿ ಎಂದು. ಕೆಲವರು ನಕ್ಕರು. "ಟೈಮ್ ಯಾರ ಕೊಡತಾರ, ನೀ ಕೊಡತೀ ಏನ?" ಎಂದ ಒಬ್ಬ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಆ ಹುಡುಗ ಡ್ರೈವರ್ ಮಾತ್ರ ನನ್ನ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ.

ಎಲುಬು ಕೂಡಿದ ಮೇಲೆ ಮಗಳು ಮತ್ತೆ ಸೈಕಲ್ ಹತ್ತಿದಳು. ಬೇಡ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಮಳೆಗಾಲ ಮುಗಿದ ಮೇಲೆ ಕಿತ್ತೂರಿನ ಹತ್ತಿರ ಒಂದು ರೇಸ್ ನಡೆಯಿತು. ಆ ಮುಂಜಾನೆ ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಗಾಡಿಗಳನ್ನು ನಿಲ್ಲಿಸಿದ್ದರು. ಗಾಡಿಯಿಲ್ಲದ ರಸ್ತೆಯಲ್ಲಿ ಅವಳು ತಲೆ ತಗ್ಗಿಸಿ ಹಾರಿ ಹೋದದ್ದನ್ನು ನಾನು ಹೆದರದೆ ನೋಡಿದ್ದು ಅದೊಂದೇ ಸಲ. ಜಿಲ್ಲೆಯ ತಂಡಕ್ಕೆ ಮೂವರನ್ನು ಆರಿಸಿದರು. ಅವಳು ಐದನೆಯವಳಾಗಿ ಬಂದಳು. ಬೈಲಹೊಂಗಲ ಬರುವ ತನಕ ಬಸ್ಸಿನ ಕಿಟಕಿಯಿಂದ ದಾರಿಯ ಏರುಗಳನ್ನೇ ನೋಡುತ್ತಿದ್ದಳು. ಆಮೇಲೆ, "ಏರಿನ್ಯಾಗ ಗೇರ್ ತಡಾ ಮಾಡಿ ಬದಲ ಮಾಡಿದ್ನಿ" ಎಂದಳು. ಮುಂದಿನ ವರ್ಷದ ಲೆಕ್ಕ ಆಗಲೇ ಶುರುವಾಗಿತ್ತು.

ಈಗ ನಾನು ಅವಳ ಬೆನ್ನು ಹತ್ತುವುದಿಲ್ಲ. ಅವಳು ಹೊರಟ ಮೇಲೆ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತೇನೆ. ಓದಿದ್ದು ತಲೆಗೆ ಹೋಗುವುದಿಲ್ಲ. ಬಸ್ಸಿನ ಸದ್ದು ಕೇಳಿದರೆ ಈಗಲೂ ಪೇಪರು ಕೆಳಗಿಟ್ಟು ರಸ್ತೆ ನೋಡುತ್ತೇನೆ. ಮೊನ್ನೆ ಅವಳು ಬರುವುದು ಮುಕ್ಕಾಲು ತಾಸು ತಡವಾಯಿತು. ಫೋನ್ ಎತ್ತಲಿಲ್ಲ. ಮೋಟರ್ ಸೈಕಲ್ಲಿನ ಕೀಲಿ ಕೈಯಲ್ಲಿ ಹಿಡಿದು ಗೇಟಿನ ತನಕ ಮೂರು ಸಲ ಹೋಗಿ ಬಂದೆ.

ಕಡೆಗೆ ಬಂದಳು, ನಿಧಾನವಾಗಿ. ಹಿಂದೆ ಇನ್ನೊಬ್ಬ ಹುಡುಗಿ, ಕ್ಯಾರಿಯರ್ ಇದ್ದ ಸಾದಾ ಸೈಕಲ್ ಮೇಲೆ, ಬೆವರಿನಲ್ಲಿ ತೊಯ್ದು.

"ಅಪ್ಪಾ, ಇಕಿ ನಮ್ಮ ಕಾಲೇಜಿನಾಕಿ. ನಾಳಿಯಿಂದ ನನ್ನ ಸಂಗಾಟ ಬರತಾಳ" ಎಂದಳು.

ಆ ಹುಡುಗಿ ನನಗೆ ಕೈ ಮುಗಿದಳು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಇನ್ನು ಮೇಲೆ ಇಬ್ಬರಿಗಾಗಿ ಹೆದರಬೇಕಲ್ಲ ಎಂದುಕೊಳ್ಳುತ್ತ, ಶಿಕ್ಷಕರ ಹತ್ತಿರ ಇನ್ನೊಂದು ಹೆಲ್ಮೆಟ್ ಇದೆಯೇನೋ ಕೇಳಲು ಕಾಲೇಜಿನ ಕಡೆ ಹೊರಟೆ.