ಹಸಿರು ಎಲೆ, ನೀಲಿ ಡ್ರಮ್ಮು

ನಮ್ಮ ಹೋಟೆಲಿನ ಗಲ್ಲಾದ ಹಿಂದೆ ಒಂದು ಸರ್ಟಿಫಿಕೇಟು ತೂಗುತ್ತಿತ್ತು. ಸುತ್ತ ಹಸಿರು ಅಂಚು, ನಡುವೆ ಭೂಗೋಳವನ್ನು ಹಿಡಿದ ಎರಡು ಕೈ, ಕೆಳಗೆ ‘ಪರಿಸರಸ್ನೇಹಿ ಉಪಾಹಾರಗೃಹ’ ಎಂಬ ಬಿರುದು. ಅದನ್ನು ತರಲು ಸಾನಪಾಡಾದ ಸಭಾಂಗಣಕ್ಕೆ ಹೋದವಳು ನಾನೇ, ಶಾಲು ಹೊದೆಸಿಕೊಂಡವಳೂ ನಾನೇ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೈಯಲಿರುವವರಲ್ಲಿ ಮೊದಲನೆಯವಳು ನಾನು.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮ ಹೋಟೆಲು. ಉಡುಪಿಯಿಂದ ಬಂದ ಮಾವ ಶುರು ಮಾಡಿದ್ದು. ಈಗ ನನ್ನ ಗಂಡ ಅಡಿಗೆಮನೆ ನೋಡುತ್ತಾರೆ, ಮೈದುನ ಹೊರಗಿನ ವ್ಯವಹಾರ ನೋಡುತ್ತಾನೆ, ನಾನು ಗಲ್ಲಾದಲ್ಲಿ ಕೂರುತ್ತೇನೆ. ತಟ್ಟೆಯ ಮೇಲೆ ಬಾಳೆಲೆಯ ತುಂಡು ಹಾಸಿಯೇ ಇಡ್ಲಿ-ದೋಸೆ ಕೊಡುವುದು ಮಾವನ ಕಾಲದ ಕ್ರಮ. ಎಲೆ ತರುತ್ತಿದ್ದವಳು ಕಲ್ಯಾಣದಾಚೆ ಹೊಳೆಬದಿಯಲ್ಲಿ ತುಂಡು ಹೊಲವಿರುವ ಒಬ್ಬ ಹೆಂಗಸು. ಇಲ್ಲಿನವರ ರೂಢಿಯಂತೆ ನಾವೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ ಎನ್ನುತ್ತೇವೆ. ಬೆಳಿಗ್ಗೆ ತನ್ನ ಗಂಡನ ಟೆಂಪೋದಲ್ಲಿ ಬಂದು ಎಲೆ, ಮೆಂತೆಸೊಪ್ಪು, ಪಾಲಕ್ ಇಳಿಸಿ, ಹೋಗುವಾಗ ನಮ್ಮ ಹಿತ್ತಲಿನ ನೀಲಿ ಡ್ರಮ್ಮನ್ನು ಒಯ್ಯುತ್ತಿದ್ದಳು. ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕಿದ್ದು, ಉಂಡ ಎಲೆ. ಅದು ಅವಳ ಎಮ್ಮೆಗೂ ಅದರ ಕಡಸಿಗೂ ಮೇವು. ಸೆಗಣಿ ಗುಂಡಿಗೆ, ಗುಂಡಿಯ ಗೊಬ್ಬರ ಹೊಲಕ್ಕೆ, ಹೊಲದ ಸೊಪ್ಪು ಮತ್ತೆ ನಮ್ಮ ಅಡಿಗೆಮನೆಗೆ.

“ಎಲೆಗೆ ತಾಗಿದ್ದು ಮಣ್ಣಿಗೇ ಹೋಗ್ಬೇಕು” ಎನ್ನುತ್ತಿದ್ದರು ಮಾವ. ಇದಕ್ಕೆ ‘ಸುಸ್ಥಿರ ಕೃಷಿ’ ಎಂಬ ಭಾರದ ಹೆಸರುಂಟೆಂದು ಅವರಿಗೂ ಗೊತ್ತಿರಲಿಲ್ಲ, ಮಾವಶಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅದು ಸುಮ್ಮನೆ ನಡೆದುಕೊಂಡು ಹೋಯಿತು.

ಮಾವ ಹೋದ ಮೇಲೆ ಮೈದುನ ಒಂದು ದಿನ ಪೇಪರ್ ಎಲೆಯ ಕಟ್ಟು ತಂದ. ದುಂಡಗೆ ಕತ್ತರಿಸಿದ್ದು, ನಡುನರ, ಗೆರೆ ಎಲ್ಲ ಅಚ್ಚೊತ್ತಿದ್ದು, ಬಾಳೆಲೆಗಿಂತ ಹಸಿರು.

“ಅತ್ತಿಗೆ, ಬಾಳೆಲೆ ತೊಳೀಲಿಕ್ಕೆ ಎಷ್ಟು ನೀರು ವೇಸ್ಟ್ ಆಗ್ತದೆ ನೋಡಿ. ಇದು ಇಕೋ-ಫ್ರೆಂಡ್ಲಿ. ಪ್ಯಾಕೆಟಿನ ಮೇಲೇ ಬರೆದದ್ದುಂಟು.”

ನಾನು ಪ್ಯಾಕೆಟ್ ನೋಡಿದೆ. ಬರೆದದ್ದು ಇತ್ತು. ಓದು ಬರುವವರಿಗೆ ಅಷ್ಟು ಸಾಕಲ್ಲ! ಮಾವಶಿಗೆ ಇನ್ನು ಎಲೆ ಬೇಡವೆಂದೆವು. ಅವಳು ತಲೆಯಾಡಿಸಿ, ಸೊಪ್ಪು ಇಳಿಸಿ, ಎಂದಿನಂತೆ ಡ್ರಮ್ಮು ಒಯ್ದಳು. ಎಲೆ ಬದಲಾಯಿತು, ನಮ್ಮವರ ಕೈಯ ಅಭ್ಯಾಸ ಬದಲಾಗಲಿಲ್ಲ. ತಟ್ಟೆ ಎತ್ತುವವರು ಮಿಕ್ಕ ಚಟ್ನಿ ಸಮೇತ ಎಲೆಯನ್ನು ಮಡಚಿ ನೀಲಿ ಡ್ರಮ್ಮಿಗೇ ಹಾಕುತ್ತ ಹೋದರು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಆ ಪೇಪರ್ ಎಲೆಗಾಗಿಯೇ ಸಿಕ್ಕಿದ್ದು ಸಾನಪಾಡಾದ ಸನ್ಮಾನ. ಸ್ವೆಟರ್ ಬೇಕಾಗುವಷ್ಟು ಎಸಿ, ಪ್ರತಿ ಕುರ್ಚಿಯ ಮುಂದೆ ಪ್ಲಾಸ್ಟಿಕ್ ನೀರಿನ ಬಾಟಲಿ. ಪರದೆಯ ಮೇಲೆ ಕರಗುವ ಹಿಮ, ಏರುವ ಸಮುದ್ರ, ಬಿರುಕುಬಿಟ್ಟ ನೆಲ. ಕೋಟು ತೊಟ್ಟವರೊಬ್ಬರು ಒಂದು ಗಂಟೆ ಮಾತಾಡಿದರು. ರೈತರು ರಸಗೊಬ್ಬರ ಸುರಿದು ಜಗತ್ತಿನ ಗಾಳಿ, ನೀರು ಎಲ್ಲ ಕೆಡಿಸುತ್ತಿದ್ದಾರಂತೆ, ಅವರಿಗೆ ತಿಳಿವಳಿಕೆ ಕೊಡಬೇಕಂತೆ. ನಾನು ಮುಂದಿನ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಕೆಲವು ವಾರಗಳ ನಂತರ ಮಾವಶಿ ಬರುವುದು ನಿಂತಿತು. ಫೋನು ಎತ್ತಲಿಲ್ಲ. ಐದನೆಯ ದಿನ ನಾನೇ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಅವಳ ಹೊಲ ಮುಟ್ಟಿದೆ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ಎರಡು ಗೂಟಗಳಲ್ಲಿ ಒಂದು ಬರಿದಾಗಿತ್ತು.

“ಮ್ಹೈಸ್ ಗೇಲಿ, ವಹಿನಿ” ಎಂದಳು. ಎಮ್ಮೆ ಹೋಯಿತು. ವಹಿನಿ ಎಂದರೆ ಅತ್ತಿಗೆ. ಅಂಥ ಹೊತ್ತಿನಲ್ಲೂ ಆ ಮರ್ಯಾದೆ ಬಿಡಲಿಲ್ಲ.

ಹೊಟ್ಟೆ ಉಬ್ಬಿ, ಮೇವು ಬಿಟ್ಟು ಸತ್ತಿತಂತೆ. ಪಶುವೈದ್ಯರು ಕೊಯ್ದು ನೋಡಿದಾಗ ಸಿಕ್ಕಿದ್ದನ್ನು ಅವಳು ಬಕೆಟಿನಲ್ಲಿ ಇಟ್ಟಿದ್ದಳು. ತೊಳೆದು ತೋರಿಸಿದಳು. ಗಂಟುಗಂಟಾದ ತೆಳು ಪ್ಲಾಸ್ಟಿಕ್ ಪೊರೆ, ಅಲ್ಲಲ್ಲಿ ನಮ್ಮ ಎಲೆಯ ಹಸಿರು. ಕಡಸಿನ ಹೊಟ್ಟೆಯಲ್ಲಿ ಎಷ್ಟಿದೆಯೋ ಯಾರಿಗೂ ಗೊತ್ತಿಲ್ಲ ಎಂದಳು. ಗೊಬ್ಬರದ ಗುಂಡಿಯಲ್ಲೂ ಅದೇ ಪೊರೆ, ಮೆಂತೆಯ ಸಾಲಿನ ನಡುವೆಯೂ ಅದೇ. ನಾವು ಎಲೆ ಬೇಡವೆಂದ ಮೇಲೆ ಬಾಳೆಯ ಬುಡಗಳನ್ನು ಅವಳು ಕಿತ್ತಿದ್ದಳು. ಕೊಟ್ಟಿಗೆಯ ಗೋಡೆಗೆ ಯೂರಿಯಾದ ಚೀಲವೊಂದು ಒರಗಿತ್ತು. ಗುಂಡಿಯ ಗೊಬ್ಬರ ಕೆಟ್ಟ ಮೇಲೆ ಆ ಮನೆಗೆ ಬಂದ ಮೊದಲನೆಯ ಚೀಲ ಅದು. ಕೋಟಿನವರು ಬೈದ ಚೀಲ ಅದೇ. ಅದನ್ನು ಅಲ್ಲಿಗೆ ತರಿಸಿದವರು ಶಾಲು ಹೊದ್ದುಕೊಂಡ ನಾವು!

ಹೋಟೆಲಿಗೆ ಬಂದವಳೇ ಒಂದು ಪೇಪರ್ ಎಲೆಯನ್ನು ಬಿಸಿನೀರಿನಲ್ಲಿ ಅದ್ದಿಟ್ಟೆ. ಸ್ವಲ್ಪ ಹೊತ್ತಿಗೆ ಕಾಗದ ಕರಗಿ ಕೈಗೆ ಪೊರೆ ಬಂತು. ಮೇಲೆ ಥಳಕು, ಒಳಗೆ ಹುಳುಕು. ಮೈದುನನ ಮುಂದೆ ಹಿಡಿದೆ.

“ಅಯ್ಯೋ ಅತ್ತಿಗೆ, ಅದನ್ನು ಎಮ್ಮೆಗೆ ಹಾಕಿ ಅಂತ ನಾವು ಹೇಳಿದ್ದಾ?”

“ಹಾಕ್ಬೇಡಿ ಅಂತ ಹೇಳಿದ್ದಾ ಮಾರಾಯ? ಇಪ್ಪತ್ತು ವರ್ಷದಿಂದ ಡ್ರಮ್ಮು ಎಲ್ಲಿಗೆ ಹೋಗ್ತದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?”

“ಎಲ್ರೂ ಇದನ್ನೇ ಯೂಸ್ ಮಾಡ್ತಾರೆ. ನಾವೊಬ್ರೇ ಏನು ಮಾಡ್ಲಿಕ್ಕೆ ಆಗ್ತದೆ?”

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದನ್ನು ಕೇಳಿದ್ದೆ. ನಾವು ಅದಕ್ಕೂ ಮೇಲೆ, ಭೂಮಂಡಲಕ್ಕೇ ಉಪಕಾರಿಗಳು. ಸರ್ಟಿಫಿಕೇಟನ್ನು ಗೋಡೆಯಿಂದ ಕಿತ್ತೆ. ಮೊಳೆಯ ಜೊತೆ ಒಂದು ಹಿಡಿ ಗಾರೆಯೂ ಬಂತು, ಬರಲಿ. ನನ್ನ ಗಂಡ ಪೇಪರ್ ಎಲೆಯ ಕಟ್ಟುಗಳನ್ನು ಕಪಾಟಿನಿಂದ ಇಳಿಸಿದರು. ತಟ್ಟೆಗಳು ಎಲೆಯಿಲ್ಲದೆ ಬರೀ ಸ್ಟೀಲಾದವು.

ಇನ್ನೊಂದು ಎಮ್ಮೆ ಕೊಡಿಸುತ್ತೇವೆಂದರೆ ಮಾವಶಿ ಒಪ್ಪಲಿಲ್ಲ. ಮೊದಲು ಕಡಸು ಉಳಿಯಲಿ ಎಂದಳು. ಡ್ರಮ್ಮಾದರೂ ಒಯ್ಯುತ್ತೀಯಾ ಎಂದರೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಾಗಾಗಿ ಮುಂದಿನ ವಾರ ನಾನೇ ತರಕಾರಿ ಹೆಚ್ಚುವ ಜಾಗದಲ್ಲಿ ನಿಂತು, ಬರೀ ಸಿಪ್ಪೆ, ಸೊಪ್ಪಿನ ದಂಟು ತುಂಬಿಸಿ, ಡ್ರಮ್ಮಿನ ಜೊತೆ ಬಾಡಿಗೆಯ ಟೆಂಪೋ ಹತ್ತಿ ಹೋದೆ. ಶುದ್ಧ ಇದೆ ಮಾವಶಿ, ನಾನೇ ನೋಡಿದ್ದೇನೆ ಎಂದೆ.

ಅವಳು ಡ್ರಮ್ಮನ್ನು ಅಂಗಳದಲ್ಲಿ ಕವುಚಿದಳು. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಿಪ್ಪೆಯನ್ನು ಬಿಡಿಸಿ ನೋಡಲು ಶುರು ಮಾಡಿದಳು. ಇಪ್ಪತ್ತು ವರ್ಷ ಅವಳು ನಮ್ಮ ಡ್ರಮ್ಮಿನೊಳಗೆ ಒಮ್ಮೆಯೂ ಇಣುಕಿರಲಿಲ್ಲ. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಆ ಸಿಟ್ಟು ಯಾರ ಮೇಲೆಂದು ತಿಳಿಯದೆ ನಾನೂ ಅವಳ ಪಕ್ಕ ಕೂತು ಹುಡುಕತೊಡಗಿದೆ. ಕಡಸು ಹಗ್ಗ ಜಗ್ಗಿ ನಮ್ಮತ್ತ ಕತ್ತು ಚಾಚಿತ್ತು.

ಹೂಕೋಸಿನ ಎಲೆಯ ಕೆಳಗಿನಿಂದ ಮಾವಶಿ ಏನನ್ನೋ ಹೆಕ್ಕಿದಳು. ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ಒಡೆಯುವಾಗ ಕತ್ತರಿಸಿ ಬಿಸಾಡುತ್ತಾರಲ್ಲ, ಆ ಮೂಲೆಯ ಚೂರು, ಉಗುರಿನಷ್ಟು. ಅದನ್ನು ಸೀರೆಯ ಸೆರಗಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟು, ಮತ್ತೆ ಹುಡುಕತೊಡಗಿದಳು.