ಆರು ಕೊಡದ ಚೀಟಿ

ಕಳೆದ ಗುರುವಾರ ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ದಿಂಬಿನ ಚೀಲಕ್ಕೆ ಬಟ್ಟೆ ಆರಿಸುತ್ತಿದ್ದೆ. ವಯಸ್ಸಾದವರೊಬ್ಬರು ಹೊಗೆಯಾಡುವ ಬಟ್ಟಲು ಹಿಡಿದು ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತ ಬಂದರು. ಅಲ್ಲಿನವರಿಗೆ ಅದು ವಾರ ವಾರದ ಹೊಗೆ. ನನಗೆ ಮಾತ್ರ ಅದು ಬಾಣಂತಿಯ ಒದ್ದೆ ಕೂದಲಿನ ವಾಸನೆ. ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತೆ. ಹೊಗೆ ನನಗೆ ಒಗ್ಗಲಿಲ್ಲವೆಂದು ತಿಳಿದು ಅಂಗಡಿಯವರು ಫ್ಯಾನು ಜೋರು ಮಾಡಿದರು.

ಹೇಳಹೊರಟಿರುವುದು ನನಗೆ ಹೆಮ್ಮೆ ತರುವ ಸಂಗತಿಯಲ್ಲ. ಆದರೂ ನೀವು ಜೊತೆಗಿದ್ದರೆ ಹೇಳಿಬಿಡಬಹುದು ಅನ್ನಿಸುತ್ತದೆ.

ಆಗ ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಹೊರಮಾವು ಇನ್ನೂ ಅರ್ಧ ಊರಾಗಿಯೇ ಇತ್ತು. ರಾಗಿ ಬೆಳೆಯುತ್ತಿದ್ದ ಹೊಲದ ಒಂದು ತುಂಡಿನಲ್ಲಿ ಅಪ್ಪ ಸಾಲಾಗಿ ಐದು ಶೀಟಿನ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಐದರಲ್ಲೂ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಬೆಳಿಗ್ಗೆ ಅಪ್ಪ ಬೋರ್‌ವೆಲ್ ಮೋಟಾರು ಹಾಕಿದರೆ ನಮ್ಮ ತೊಟ್ಟಿ ಮೊದಲು ತುಂಬುತ್ತಿತ್ತು. ಆಮೇಲೆ ಒಂದು ಗಂಟೆ ಕೋಣೆಯವರ ನಲ್ಲಿಯಲ್ಲಿ ನೀರು.

ಆ ವರ್ಷ ಕಾಲೇಜಿನಲ್ಲಿ ಪರಿಸರದ ಪಾಠ ಕೇಳಿ ನಾನು ಬದಲಾಗಿದ್ದೆ. ಮಾರುಕಟ್ಟೆಗೆ ಬಟ್ಟೆಯ ಚೀಲ ಒಯ್ಯುತ್ತಿದ್ದೆ. ಒಂದು ಕಡೆ ಬರೆದ ಹಾಳೆಯ ಹಿಂಬದಿಯಲ್ಲೇ ಲೆಕ್ಕ ಮಾಡುತ್ತಿದ್ದೆ. ಅಕ್ಕಿ ತೊಳೆದ ನೀರು ಕರಿಬೇವಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಸಾಧನೆಯೆಂದು ನಾನು ತಿಳಿದದ್ದು ಅರ್ಧ ಬಕೆಟ್ ಸ್ನಾನ. ಹದಿನಾಲ್ಕು ಚೊಂಬಿಗೆ ಮುಗಿಯುವಂತೆ ಅಭ್ಯಾಸ ಮಾಡಿಕೊಂಡು, ದಿನವೂ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. "ಮೈಗೆ ಅರ್ಧ ಬಕೆಟ್ಟು. ತಲೆಗೆ ಯಾರ ಮನೇಗ್ ಹೋಗ್ತೀಯಾ?" ಎಂದು ಅಮ್ಮ ನಗುತ್ತಿದ್ದಳು. ನಗುತ್ತಲೇ ಕೋಣೆಯ ಹೆಂಗಸರ ಹತ್ತಿರವೂ ಹೇಳಿಕೊಂಡು ಬರುತ್ತಿದ್ದಳು. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಮಾತು ಕಡಿಮೆ ಆಡುವವರಿಗೆ ಹೊಗಳಿಕೆಯ ಆಸೆ ಕಡಿಮೆ ಎಂದು ಯಾರೂ ನಂಬಬೇಡಿ.

ಫೆಬ್ರವರಿಯಲ್ಲಿ ಬೋರ್‌ವೆಲ್ ನೀರು ಸಣ್ಣಗಾಯಿತು. ಮೋಟಾರು ಮಧ್ಯೆ ಮಧ್ಯೆ ಗಾಳಿ ಎಳೆಯುತ್ತಿತ್ತು. ಮನೆಗೆ ಇಷ್ಟು ಕೊಡ ಎಂದು ಮಿತಿ ಇಟ್ಟರೆ ಬೇಸಿಗೆ ದಾಟಬಹುದೆಂದು ಅಪ್ಪನಿಗೆ ಹೇಳಿದವಳು ನಾನೇ. ಓದಿದ ಮಗಳ ಮಾತಿಗೆ ಅವರು ಎದುರಾಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದೆ: ಒಂದು ಮನೆಗೆ ಆರು ಕೊಡ. ಕೆಳಗೆ ಒಂದು ಎಲೆಯ ಚಿತ್ರವನ್ನೂ ಬಿಡಿಸಿದ್ದೆ. ಯಾರೂ ಜಗಳ ಮಾಡಲಿಲ್ಲ. ಒಪ್ಪಿಕೊಂಡರು ಎಂದುಕೊಂಡೆ.

ಕೊನೆಯ ಕೋಣೆಯಲ್ಲಿ ಶರಣಮ್ಮ ಎನ್ನುವವರಿದ್ದರು. ನಲವತ್ತು ದಾಟಿದ ಹೆಂಗಸು; ಗಂಡನ ಜೊತೆ ಇಟ್ಟಿಗೆ ಹೊರುತ್ತಿದ್ದರು. ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಅವರ ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆಂದು ತಾಯಿಯ ಹತ್ತಿರ ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಹೆಣ್ಣು ಮಗುವಾಯಿತು ಎಂದು ಕೇಳಿದ್ದೆ. ಹೋಗಿ ನೋಡಬೇಕೆಂದುಕೊಂಡೆ, ಪರೀಕ್ಷೆಯ ನೆಪದಲ್ಲಿ ಹೋಗಲಿಲ್ಲ.

ಚೀಟಿ ಅಂಟಿಸಿ ಹತ್ತು ಹನ್ನೆರಡು ದಿನವಾಗಿರಬಹುದು. ಬೆಳಿಗ್ಗೆ ತಾರಸಿಯಲ್ಲಿ ಓದುತ್ತಿದ್ದವಳು ಕೆಳಗೆ ನೋಡಿದೆ. ನೀರು ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಒಂದೊಂದು ಕೊಡ ಹೊತ್ತು ಕೋಣೆಗಳ ಸಾಲಿನ ಹಿಂಬದಿಗೆ ಹೋಗುತ್ತಿದ್ದರು. ಖಾಲಿ ಕೊಡದೊಂದಿಗೆ ಮರಳುತ್ತಿದ್ದರು. ಮರುದಿನವೂ ಹಾಗೆಯೇ. ಎಲ್ಲಿಯೋ ಡ್ರಮ್ಮಿನಲ್ಲಿ ಕೂಡಿಡುತ್ತಿದ್ದಾರೆ, ನನ್ನ ನಿಯಮಕ್ಕೆ ಕಳ್ಳದಾರಿ ಹುಡುಕಿದ್ದಾರೆ ಎಂದು ಖಾತ್ರಿಯಾಯಿತು. ಮೂರನೆಯ ದಿನ, ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಇಳಿದು ಹೋದೆ.

ಹಿಂದೆ, ಹಳೆಯ ಶೀಟನ್ನು ಮರೆಯಾಗಿ ನಿಲ್ಲಿಸಿದ ಜಾಗದಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಉರಿಗೆ ಕಟ್ಟಡದ ಕೆಲಸದಲ್ಲಿ ಉಳಿದ ಹಲಗೆ ಚೂರುಗಳು. ಚಪ್ಪಡಿಯ ಮೇಲೆ ನೀಲಮ್ಮ ಮಂಡಿಗೆ ತಲೆಯಿಟ್ಟು ಕೂತಿದ್ದಳು. ಶರಣಮ್ಮ ಅವಳ ಸೊಂಟಕ್ಕೆ ಬಿಸಿನೀರು ಹೊಯ್ಯುತ್ತಿದ್ದರು. ಒಂದು ಚೊಂಬು ಹೊಯ್ದು, ನಿಂತು, ಹಂಡೆಯೊಳಗೆ ನೋಡಿ, ಮತ್ತೆ ಒಂದು ಚೊಂಬು. ಪಕ್ಕದಲ್ಲಿ ಕೆಂಡಕ್ಕೆ ಹಾಕಿದ ಲೋಬಾನ ಹೊಗೆಯಾಡುತ್ತಿತ್ತು. ನಾನು ಜೋಡಿಸಿಕೊಂಡಿದ್ದ ಮಾತು ಆಗಲೇ ಬಿಟ್ಟುಹೋಗಬೇಕಿತ್ತು. ಆದರೂ ಬಾಯಿಂದ ಬಂದದ್ದು, "ಈ ನೀರೆಲ್ಲ ಎಲ್ಲಿಂದು?"

ಶರಣಮ್ಮ ಚೊಂಬು ಕೆಳಗಿಡಲಿಲ್ಲ.

"ನೀವು ಆರು ಅಂತ ಬರದೀರಿ. ಯಾರೂ ಆರು ದಾಟಿಲ್ರಿ ಅಕ್ಕಾರ. ಇದು ಅವರವರ ಪಾಲಿನ ನೀರು. ಇವತ್ತ ಈ ಮನಿಯಾಗ ಒಬ್ಬಾಕಿ ಜಳಕ ಬಿಡ್ತಾಳ, ನಾಳೆ ಆ ಮನಿಯಾಗ ಒಬ್ಬಾಕಿ."

ಬಾಣಂತಿಗೆ ಎರೆಯಲು ಹಂಡೆ ಹಂಡೆ ನೀರು ಬೇಕೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲಿ ಅತ್ತಿಗೆಗೆ ಎರೆದದ್ದನ್ನು ನೋಡಿದ್ದೆ. ಗೊತ್ತಿದ್ದದ್ದು ಚೀಟಿ ಬರೆಯುವಾಗ ನೆನಪಿಗೆ ಬರಲಿಲ್ಲ, ಅಷ್ಟೆ. ಮೊದಲ ವಾರ ಎರಡು ಕೊಡದಲ್ಲೇ ಮುಗಿಸಿದರಂತೆ. ಹೊಲಿಗೆ ಮಾಗದೆ, ಚಳಿ ಹಿಡಿದು, ಹುಡುಗಿ ನಡುಗುವುದನ್ನು ನೋಡಲಾರದೆ ಉಳಿದ ನಾಲ್ಕು ಮನೆಯವರು ತಾವೇ ಈ ಸರದಿ ಹಾಕಿಕೊಂಡಿದ್ದರು.

"ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ," ಎಂದೆ.

"ನೀವs ಅರ್ಧ ಬಕೀಟಿನಾಗ ಜಳಕ ಮಾಡ್ತೀರಂತ, ನಿಮ್ಮವ್ವಾರು ಹೇಳಿದ್ರು. ಅಂಥವರಿಗೆ ಹ್ಯಾಂಗ ಕೇಳೂದ್ರಿ?"

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನಾನು ಬೇಗ ಸುಧಾರಿಸಿಕೊಳ್ಳುತ್ತಿದ್ದೆ. ನೀಲಮ್ಮ ತಲೆ ಎತ್ತದೆಯೇ, "ಯವ್ವಾ, ನೀರು ಆರತೈತಿ, ಹಾಕು" ಎಂದಳು. ಶರಣಮ್ಮ ನನ್ನ ಕಡೆ ಬೆನ್ನು ಮಾಡಿ ಹೊಯ್ದರು.

ಹಿಂತಿರುಗುವಾಗ ನಮ್ಮ ಅಂಗಳದಲ್ಲಿ ಅಪ್ಪ ಪೈಪು ಹಿಡಿದು ಜೀಪು ತೊಳೆಯುತ್ತಿದ್ದರು. ಅಮ್ಮ ಬಾಗಿಲಿಗೆ ನೀರು ಚೆಲ್ಲಿಯಾಗಿತ್ತು. ಹಸುಗಳ ಮೈ ತೊಳೆದ ನೀರು ರಸ್ತೆಯವರೆಗೆ ಹರಿದಿತ್ತು. ನನ್ನ ಪುಸ್ತಕದಲ್ಲಿ ಇದು ಯಾವುದಕ್ಕೂ ಗುರುತಿರಲಿಲ್ಲ. ನಾನು ಲೆಕ್ಕಕ್ಕೆ ಹಿಡಿದದ್ದು ನನ್ನ ಹದಿನಾಲ್ಕು ಚೊಂಬು ಮತ್ತು ಅವರ ಆರು ಕೊಡ.

ಚೀಟಿ ಕಿತ್ತೆ. "ಅಂಟಿಸ್ದೋಳೂ ನೀನೇ, ಕೀಳೋಳೂ ನೀನೇ," ಎಂದರು ಅಪ್ಪ. ಅಂದು ಸಂಜೆಯೇ ಅವರ ಹತ್ತಿರ ಜೀಪಿನ ಮಾತು ತೆಗೆದೆ. ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಪೈಪು ಸುತ್ತಿಟ್ಟರು. ನಾನು ನಮ್ಮ ತೊಟ್ಟಿಯಿಂದ ದಿನಾ ಎರಡು ಕೊಡ ಹೊತ್ತು ಹಿಂಬದಿಗೆ ಒಯ್ದೆ. "ಅಲ್ಲೇ ಇಟ್ಟು ಹೋಗ್ರಿ ಅಕ್ಕಾರ," ಎನ್ನುತ್ತಿದ್ದರು ಶರಣಮ್ಮ, ಮರ್ಯಾದೆಯಿಂದಲೇ. ಆದರೆ ಗೋಡೆಯಲ್ಲಿ ಚೀಟಿ ಇಲ್ಲದಿದ್ದರೂ ನಲ್ಲಿಯ ಹತ್ತಿರ ಯಾರೂ ಏಳನೆಯ ಕೊಡ ಹಿಡಿಯಲಿಲ್ಲ. ಬೇಕಾದಷ್ಟು ಹಿಡಿಯಿರಿ ಎಂದು ನಾನೇ ನಿಂತು ಹೇಳಿದೆ. ತಲೆಯಾಡಿಸಿದರು, ಆರಕ್ಕೇ ನಿಲ್ಲಿಸಿದರು. ಮಗುವಿಗೆ ಮೂರು ತಿಂಗಳಾದಾಗ ನೀಲಮ್ಮ ಊರಿಗೆ ಹೋದಳು. ಕಟ್ಟಡದ ಕೆಲಸ ಮುಗಿದು ಶರಣಮ್ಮನವರೂ ಕೋಣೆ ಬಿಟ್ಟರು. ಅವರು ಎಲ್ಲಿಗೆ ಹೋದರೆಂದು ನನಗೆ ತಿಳಿಯದು.

ಈಗ ಅಪ್ಪನಿಗೆ ಮಂಡಿ ನೋವು; ಕೋಣೆಗಳ ಉಸ್ತುವಾರಿ ನನ್ನದು. ಶಿವಾಜಿನಗರದಿಂದ ಬಂದ ಮೂರನೆಯ ದಿನ ಸಿಂಧನೂರಿನ ಕಡೆಯ ಹೆಂಗಸೊಬ್ಬರು ಕೋಣೆ ನೋಡಲು ಬಂದರು. ಒಳಗೆಲ್ಲ ನೋಡಿ, ಹೊರಗೆ ಬಂದು, ನೀರಿನ ಪದ್ಧತಿ ಹೇಗೆಂದು ವಿಚಾರಿಸಿದರು. ಹಿಂದೆ ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಈ ಸಲ ನಾನೇ ಕೇಳಿದೆ: "ನಿಮ್ಗೆ ದಿನಕ್ಕೆ ಎಷ್ಟು ಬೇಕಾಗತ್ತೆ?"

ಆಕೆ ನನ್ನ ಮುಖ ನೋಡಿದರು. ಈ ಪ್ರಶ್ನೆಯ ಹಿಂದೆ ಏನಿರಬಹುದೆಂದು ಅಳೆಯುತ್ತಿದ್ದಂತೆ ಕಂಡಿತು.

"ನೀವು ಎಷ್ಟ್ ಕೊಡ್ತೀರಿ ಅಷ್ಟs ಬೇಕ್ರಿ," ಎಂದರು.

ನಾನು ಬೀಗದ ಕೈಯನ್ನು ತಕ್ಷಣ ಕೊಡಲಿಲ್ಲ. ಮನೆಯಲ್ಲಿ ಯಾರು ಯಾರಿದ್ದಾರೆ, ಕೂಸು ಇದೆಯೇ, ಹಾಸಿಗೆ ಹಿಡಿದವರಿದ್ದಾರೆಯೇ ಎಂದು ಒಂದೊಂದಾಗಿ ಕೇಳುತ್ತ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತೆ.